ಮನೆಯೊಳಗಿನ ಕಾರ್ಯಾಗಾರ ಮತ್ತು ನಮ್ಮ ಹೊಣೆ
(ಹೂಡೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಒಂದೆಡೆ ಕಡಲು, ಇನ್ನೊಂದೆಡೆ ಸ್ವರ್ಣಾ ನದಿ; ನಡುವಿನ ಈ ಊರಿನಲ್ಲಿ ದೋಣಿಯೊಂದಿಗೆ ನಂಟಿಲ್ಲದ ಬದುಕು ವಿರಳ. ಮರದ ದೋಣಿಯ ಜಾಗಕ್ಕೆ ಫೈಬರ್ ದೋಣಿ ಬಂದಂತೆ ಅದರ ದುರಸ್ತಿಯ ಸಾಮಗ್ರಿಯೂ ಮನೆಯ ಜಗಲಿಗೆ ಬಂದಿದೆ. ರೆಸಿನ್, ಕ್ಯಾಟಲಿಸ್ಟ್, ಕೋಬಾಲ್ಟ್ ಎಕ್ಸಿಲರೇಟರ್, ಅಸಿಟೋನ್, ಥಿನ್ನರ್ ಇವೆಲ್ಲ ದುಡಿಮೆಯ ಸಾಧನಗಳು. ಆದರೆ ಇವು ಅಕ್ಕಿಚೀಲದ ಪಕ್ಕದಲ್ಲಿರತಕ್ಕ ವಸ್ತುಗಳಲ್ಲ.

2020ರ ನವೆಂಬರ್ 10ರಂದು ಬೆಂಗಳೂರಿನ ಬಾಪೂಜಿನಗರದ ಬಳಿ ಜನವಸತಿಯ ನಡುವಿದ್ದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಾಗ, ಆ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ನೆರೆಹೊರೆಯವರು ಮನೆ ಬಿಟ್ಟು ಹೊರಬರಬೇಕಾಯಿತು. ಅಪಾಯವು ಗೋಡೆಯ ಗಡಿಯನ್ನು ಮನ್ನಿಸುವುದಿಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕೇ?

ರೆಸಿನ್‌ನಲ್ಲಿರುವ ಸ್ಟೈರೀನ್ ಸುಮಾರು 31 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ನಮ್ಮ ಕರಾವಳಿಯ ಬೇಸಿಗೆಗೆ ಅಷ್ಟು ಬಿಸಿ ಸಾಮಾನ್ಯ. ಅಸಿಟೋನ್ ಅದಕ್ಕಿಂತಲೂ ಅಪಾಯಕಾರಿ. ಈ ಆವಿಗಳು ಗಾಳಿಗಿಂತ ಭಾರವಾದುದರಿಂದ ನೆಲದಲ್ಲೇ ಹರಿದು ಅಡುಗೆಮನೆಯ ಒಲೆಯನ್ನು ತಲಪಬಲ್ಲವು. ಆದ್ದರಿಂದ ಇವುಗಳ ಸ್ಥಾನ ಮನೆಯಿಂದ ಪ್ರತ್ಯೇಕವಾದ, ಗಾಳಿಯಾಡುವ, ಬಿಸಿಲು ಬೀಳದ, ಬೀಗವಿರುವ ಕೋಣೆ. ಒಂದು ಕೆಲಸಕ್ಕೆ ಬೇಕಾದಷ್ಟನ್ನೇ ತರುವುದು ಇನ್ನೂ ಉತ್ತಮ.

ಕ್ಯಾಟಲಿಸ್ಟ್ ಮತ್ತು ಎಕ್ಸಿಲರೇಟರ್ ನೇರವಾಗಿ ಬೆರೆತರೆ ಸ್ಫೋಟವಾಗಬಹುದು. ಅವೆರಡನ್ನೂ ದೂರ ದೂರ ಇಡಬೇಕು. ಎಕ್ಸಿಲರೇಟರನ್ನು ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆನಂತರವೇ ಕ್ಯಾಟಲಿಸ್ಟ್ ಹಾಕತಕ್ಕದ್ದು. ಉಳಿದ ಕ್ಯಾಟಲಿಸ್ಟನ್ನು ಮೂಲ ಡಬ್ಬಿಗೆ ಮರಳಿ ಸುರಿಯಬಾರದು. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಧಾವಿಸಬೇಕು.

ಇನ್ನು ನೀರಿನ ಬಾಟಲಿಯ ವಿಷಯ. ಥಿನ್ನರನ್ನೋ ಬ್ಯಾಟರಿಯ ಆಸಿಡನ್ನೋ ಕುಡಿಯುವ ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸವನ್ನು ನಾವು ಇಂದೇ ಕೈಬಿಡಬೇಕು. ಓದಲು ಬಾರದ ಮಗುವಿಗೆ ಬಾಟಲಿಯ ಆಕಾರವೇ ಗುರುತು. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಯತ್ನಿಸದೆ, ಮೂಲ ಡಬ್ಬಿಯ ಸಮೇತ ವೈದ್ಯರ ಬಳಿಗೆ ಕರೆದೊಯ್ಯಬೇಕು.

2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ವಿವರ ದಾಖಲಿಸಬೇಕು, 18 ವರ್ಷದೊಳಗಿನವರಿಗೆ ಮಾರಬಾರದು ಎಂದಿತು. ಆದರೆ ಅಂಗಡಿಯ ಹೊಸ್ತಿಲು ದಾಟಿದ ಮೇಲೆ ಲೆಕ್ಕ ಕೇಳುವವರಾರು? ಪ್ರತಿ ಮನೆಯ ಕಪಾಟಿಗೂ ಅಧಿಕಾರಿ ಬರಲಾರ. ಕೊಲ್ಲಿಯ ಕಾರ್ಖಾನೆಗಳಲ್ಲಿ ಕೈಗವಸು, ಮುಖಕವಚ ಧರಿಸಿ ದುಡಿದ ನಮ್ಮವರು ಊರಿಗೆ ಮರಳಿದೊಡನೆ ಅವನ್ನು ಕಳಚುವುದಾದರೆ, ನಾವು ಪಾಲಿಸುತ್ತಿದ್ದುದು ದಂಡದ ಭಯವನ್ನೇ ಹೊರತು ಜೀವದ ಬೆಲೆಯನ್ನಲ್ಲ.

ದುಡಿಮೆಯನ್ನು ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ಯಾರಿಗಾಗಿ ದುಡಿಯುತ್ತೇವೆಯೋ ಅವರನ್ನೇ ಅಪಾಯಕ್ಕೊಡ್ಡುವ ದುಡಿಮೆ ಬೇಡವೆನ್ನುತ್ತಿದ್ದೇವೆ. ಹಲವು ಕುಟುಂಬಗಳು ಸೇರಿ ವಸತಿಯಿಂದ ದೂರದಲ್ಲಿ ಒಂದು ಸುರಕ್ಷಿತ ಕೊಠಡಿ ಕಟ್ಟಿಕೊಳ್ಳುವುದು ಅಸಾಧ್ಯವೇನಲ್ಲ. ಅಲ್ಲಿ ಒಣ ಪುಡಿಯ ಬೆಂಕಿನಂದಕವಿರಲಿ, 112 ಎಂಬ ತುರ್ತು ಸಂಖ್ಯೆ ಗೋಡೆಯ ಮೇಲಿರಲಿ. ಈ ಕಾರ್ಯಕ್ಕೆ ನಮ್ಮ ಯುವಕರು ಮುಂದೆ ಬರಲಿ.