ಒಂದೇ ಚಂದ್ರ, ಹಲವು ಪಂಚಾಂಗ

(ಮಹಿಳಾ ವೇದಿಕೆಯ 2026ರ ಮಾರ್ಚ್ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ನಮ್ಮ ಸುತ್ತಲಿನ ಹಬ್ಬಗಳು" ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಮ್ಮ ಎಂದು ಕಾರ್ಯದರ್ಶಿಯವರು ಹೇಳಿದರು. ನಾನು ಪುರೋಹಿತರ ಮನೆಯವಳಲ್ಲ, ಇತಿಹಾಸದ ಅಧ್ಯಾಪಕಿಯೂ ಅಲ್ಲ. ಎಂಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದ್ದರಿಂದ ಹಬ್ಬದ ಮಹಿಮೆಯನ್ನು ಹಿರಿಯರಿಗೆ ಬಿಟ್ಟು, ನನಗೆ ತಿಳಿದ ಒಂದು ಸಣ್ಣ ವಿಷಯವನ್ನಷ್ಟೇ ಹೇಳುತ್ತೇನೆ. ಹಬ್ಬದ ತಾರೀಖು ಎಲ್ಲಿಂದ ಬರುತ್ತದೆ? ಅದು ತಿಳಿದರೆ ನಮ್ಮಂಥ ಸಂಘಕ್ಕೆ ಏನು ಉಪಯೋಗ? ಇಷ್ಟೇ ನನ್ನ ಮಾತು.

ಈ ಊರಿನಲ್ಲಿ ಎಲ್ಲರ ಹಬ್ಬಗಳನ್ನೂ ಒಟ್ಟಿಗೆ ನೋಡಬೇಕೆಂದರೆ ಬೇಗಂ ಬಜಾರಿಗೆ ಹೋಗಬೇಕು. ಎರಡನೇ ನಿಜಾಮ ನಿಜಾಮ್ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗವಾದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ನಮ್ಮಲ್ಲಿ ಅಲ್ಲಿಗೆ ಹೋಗದವರು ಯಾರಿದ್ದೀರಿ? ಅರಿಶಿನ-ಕುಂಕುಮಕ್ಕೆ ಕೊಡುವ ಸ್ಟೀಲ್ ಡಬ್ಬಿ, ಗೃಹಪ್ರವೇಶದ ಹಿತ್ತಾಳೆ ದೀಪ, ಲಾಡುವಿಗೆ ಗೋಡಂಬಿ-ದ್ರಾಕ್ಷಿ, ಎಲ್ಲಕ್ಕೂ ಅದೇ ಬಜಾರು. ಪಕ್ಕದ ಧೂಲ್‌ಪೇಟೆಯಲ್ಲಿ ಗಣಪತಿ ಮೂರ್ತಿ, ರಾಖಿ, ಗಾಳಿಪಟ ಮಾಡುವ ಮನೆಗಳು. ಅಫ್ಜಲ್‌ಗಂಜ್ ಕಡೆ ತಿರುಗಿದರೆ ಮಸೀದಿಯೂ ಇದೆ, ಗುರುದ್ವಾರವೂ ಇದೆ. ಸ್ವಲ್ಪ ದೂರ ನಡೆದರೆ ಗನ್‌ಫೌಂಡ್ರಿಯ ಸಂತ ಜೋಸೆಫರ ಚರ್ಚು, ಅಬಿಡ್ಸ್‌ನ ತಿಲಕ್ ರಸ್ತೆಯಲ್ಲಿ ಪಾರ್ಸಿಗಳ ಅಗ್ಯಾರಿ.

ಕಳೆದ ವಾರ ಹೋದಾಗ ಹೋಳಿಯ ಬಣ್ಣ, ಪಿಚಕಾರಿಗಳನ್ನು ಮೂಟೆ ಕಟ್ಟಿ ಒಳಗಿಡುತ್ತಿದ್ದರು. ಮುಂದಿನ ಸಾಲಿನಲ್ಲಿ ಖರ್ಜೂರ, ಶ್ಯಾವಿಗೆ, ಪಿಸ್ತಾ. ಅದರ ಪಕ್ಕದಲ್ಲೇ ಯುಗಾದಿ, ರಾಮನವಮಿಯ ಪೂಜಾ ಸಾಮಾನು. ನಾನು ಹೋಗುವ ಪಾತ್ರೆ ಅಂಗಡಿಯ ಯಜಮಾನರು ಮಾರವಾಡಿಗಳು. ಅವರ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ಹಿಂದಿ ಪಂಚಾಂಗ, ಇನ್ನೊಂದರಲ್ಲಿ ಉರ್ದು ತಿಂಗಳುಗಳು. "ಎರಡು ಯಾಕೆ ಭಾಯಿಸಾಬ್?" ಎಂದು ಕೇಳಿದೆ. "ಒಂದನ್ನೇ ನೋಡಿದರೆ ಅರ್ಧ ಗಿರಾಕಿ ಹೋಗ್ತಾರೆ ಬೆಹೆನ್‌ಜಿ" ಎಂದರು. ವ್ಯಾಪಾರದ ಮಾತೇ ಇರಬಹುದು. ಆದರೆ ನಮ್ಮ ಸಂಘಕ್ಕೂ ಅದು ಚೆನ್ನಾಗಿ ಅನ್ವಯಿಸುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಹೆದರಬೇಡಿ, ಕೂಡಿಸಿ ಕಳೆಯುವಷ್ಟೇ ಇದೆ.

ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ ಮತ್ತು ಕಾಲು. ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಆ ಹನ್ನೊಂದು ದಿನವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಹಬ್ಬಗಳ ತಾರೀಖಿನ ವ್ಯತ್ಯಾಸ ಬಹುಪಾಲು ಇದರಿಂದಲೇ ಹುಟ್ಟುತ್ತದೆ.

ಇಸ್ಲಾಮಿನ ಹಿಜರಿ ಪಂಚಾಂಗ ಚಂದ್ರನನ್ನು ಮಾತ್ರ ನಂಬುತ್ತದೆ. ಕಡಿಮೆ ಬಿದ್ದ ದಿನಗಳನ್ನು ತುಂಬಿಸುವುದಿಲ್ಲ. ಹಾಗಾಗಿ ರಂಜಾನ್ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮೇ ತಿಂಗಳ ಉರಿಬಿಸಿಲಲ್ಲಿ ಉಪವಾಸ ಮಾಡಿದವರೇ ಡಿಸೆಂಬರಿನ ಚಳಿಯಲ್ಲೂ ಮಾಡುತ್ತಾರೆ. 2030ರಲ್ಲಿ ರಂಜಾನ್ ತಿಂಗಳು ಎರಡು ಸಲ ಶುರುವಾಗಲಿದೆ, ಒಮ್ಮೆ ಜನವರಿಯಲ್ಲಿ, ಇನ್ನೊಮ್ಮೆ ಡಿಸೆಂಬರ್ ಕೊನೆಯಲ್ಲಿ.

ನಮ್ಮ ಯುಗಾದಿಯ ಪಂಚಾಂಗವೂ ಚಾಂದ್ರಮಾನವೇ. ಆದರೆ ನಾವು ಸೂರ್ಯನನ್ನೂ ಬಿಡಲಿಲ್ಲ. ಸುಮಾರು 32-33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಲೆಕ್ಕ ಸರಿಮಾಡಿಕೊಳ್ಳುತ್ತೇವೆ. 19 ವರ್ಷಗಳಲ್ಲಿ ಇಂಥ 7 ತಿಂಗಳು ಬರುತ್ತವೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಎರಡು ಗಡಿಯಾರಗಳನ್ನು ಸಿಂಕ್ ಮಾಡುವ ಕೆಲಸ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದರ ಪರಿಣಾಮ ನೋಡಿ. ಕಳೆದ ವರ್ಷ ಆಗಸ್ಟ್ 27ಕ್ಕೆ ಬಂದ ಗಣೇಶ ಚೌತಿ ಈ ವರ್ಷ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಅಕ್ಟೋಬರ್ 20ಕ್ಕೆ ಬಂದ ದೀಪಾವಳಿ ನವೆಂಬರ್ 8ಕ್ಕೆ ಹೋಗುತ್ತದೆ. ಧೂಲ್‌ಪೇಟೆಯಲ್ಲಿ ಸಾಲ ಮಾಡಿ ಮೂರ್ತಿ ಮಾಡುವವರಿಗೆ ಈ ಹದಿನೆಂಟು ದಿನ ಬರೀ ಪಂಚಾಂಗದ ಮಾತಲ್ಲ, ಬಡ್ಡಿಯ ಮಾತು. ಪಾತ್ರೆ ಅಂಗಡಿಯವರ ಲೆಕ್ಕವೂ ಹಾಗೆಯೇ: ಅಧಿಕ ಮಾಸದಲ್ಲಿ ಮದುವೆ ಪಾತ್ರೆ ಹೋಗುವುದಿಲ್ಲ, ಅಳಿಯಂದಿರಿಗೆ ದಾನ ಕೊಡುವ ದೀಪ-ತಟ್ಟೆ ಹೋಗುತ್ತದೆ!

ಕ್ರೈಸ್ತರ ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ನಿಂತಿದೆ. ಆದರೆ ಈಸ್ಟರ್‌ಗೆ ಅವರೂ ಚಂದ್ರನನ್ನೇ ಕೇಳುತ್ತಾರೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದರ ನಂತರದ ಭಾನುವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬರಬಹುದು. ಈ ವರ್ಷ ಏಪ್ರಿಲ್ 5. ಪಾರ್ಸಿಗಳಲ್ಲಿ ಬಹಳ ಜನ ಅನುಸರಿಸುವ ಶಹನ್‌ಶಾಹಿ ಪಂಚಾಂಗದಲ್ಲಿ 365 ದಿನ ಮಾತ್ರ, ಅಧಿಕ ದಿನವೇ ಇಲ್ಲ. ನಾಲ್ಕು ವರ್ಷಕ್ಕೆ ಒಂದು ದಿನದಂತೆ ಜಾರುತ್ತ ಅವರ ಹೊಸ ವರ್ಷ ಈಗ ಆಗಸ್ಟ್ ಮಧ್ಯಕ್ಕೆ ಬಂದಿದೆ. ಸಂಕ್ರಾಂತಿ ಸೂರ್ಯನ ಹಬ್ಬ, ಅದಕ್ಕೇ ಜನವರಿ 14-15 ಬಿಟ್ಟು ಕದಲುವುದಿಲ್ಲ. ಬುದ್ಧ ಪೂರ್ಣಿಮೆ ವೈಶಾಖದ ಹುಣ್ಣಿಮೆಗೆ, ಗುರುನಾನಕ್ ಜಯಂತಿ ಕಾರ್ತಿಕದ ಹುಣ್ಣಿಮೆಗೆ.

ಈ ಊರನ್ನು ಆಳಿದ ನಿಜಾಮರ ಸರ್ಕಾರ ಕಂದಾಯಕ್ಕೆ ಹಿಜರಿ ವರ್ಷ ಬಳಸಲಿಲ್ಲ ಎಂಬುದನ್ನೂ ನೆನಪಿಸಿಕೊಳ್ಳಿ. ಅದಕ್ಕೆ ಫಸಲಿ ಎಂಬ ಸೌರ ವರ್ಷವಿತ್ತು. ಬೆಳೆ ಬರುವುದು ಋತುವಿನಂತೆ, ತಿಂಗಳು ಜಾರಿದಂತೆ ಅಲ್ಲವಲ್ಲ. ನಮ್ಮ ಬೀದರ, ಕಲಬುರಗಿ, ರಾಯಚೂರಿನ ಹಳೆಯ ಜಮೀನು ಕಾಗದಗಳಲ್ಲಿ ಫಸಲಿ ಇಸವಿ ಕಾಣುವುದು ಇದಕ್ಕೇ.

ಕಲಬುರಗಿಯನ್ನೇ ನೋಡಿ. ಶರಣಬಸವೇಶ್ವರರ ಜಾತ್ರೆ ಹೋಳಿಯ ಬೆನ್ನಿಗೆ, ಯಾವಾಗಲೂ ಬೇಸಿಗೆಯ ಬಾಗಿಲಲ್ಲಿ. ಖ್ವಾಜಾ ಬಂದೇನವಾಜರ ಉರುಸು ಹಿಜರಿ ತಿಂಗಳಿಗೆ, ಒಮ್ಮೆ ಮಳೆಯಲ್ಲಿ, ಒಮ್ಮೆ ಚಳಿಯಲ್ಲಿ. ಎರಡಕ್ಕೂ ಹೋಗುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಜಾತಿ ಎಂದು ನಮ್ಮ ಹಳ್ಳಿಗಳಲ್ಲಿ ಕೇಳುವ ರೂಢಿ ಇರಲಿಲ್ಲ. ನಮ್ಮ ಅಜ್ಜಿಯಂದಿರಿಗೆ ಓದು ಬಾರದಿದ್ದರೂ ಎರಡು ಪಂಚಾಂಗ ಬಾಯಲ್ಲಿದ್ದವು.

ಇನ್ನು ಒಂದು ಸೋಜಿಗ. 2024ರಲ್ಲಿ ಯುಗಾದಿ ಏಪ್ರಿಲ್ 9, ಈದ್ ಏಪ್ರಿಲ್ 11. 2025ರಲ್ಲಿ ಯುಗಾದಿ ಮಾರ್ಚ್ 30, ಈದ್ ಮಾರ್ಚ್ 31. ಈ ವರ್ಷ ಯುಗಾದಿ ಮಾರ್ಚ್ 19, ಈದ್ 20 ಅಥವಾ 21. ಮೂರು ವರ್ಷ ಸಾಲಾಗಿ ಯಾಕೆ ಹೀಗೆ? ಎರಡೂ ಒಂದೇ ಅಮಾವಾಸ್ಯೆಯಿಂದ ಎಣಿಸುವ ಹಬ್ಬಗಳು. ನಾವು ಯುಗಾದಿಗೆ ಮಾಳಿಗೆ ಹತ್ತಿ ಚಂದ್ರದರ್ಶನ ಮಾಡುತ್ತೇವಲ್ಲ, 2025ರ ಯುಗಾದಿಯ ಸಂಜೆ ನಾವು ಹುಡುಕಿದ ಆ ಎಳೆ ಚಂದ್ರನನ್ನೇ ನೋಡಿ ಪಕ್ಕದ ಮಾಳಿಗೆಯವರು "ಚಾಂದ್ ಮುಬಾರಕ್" ಎಂದರು. ನಮಗೆ ವರ್ಷ ಶುರುವಾಯಿತು, ಅವರಿಗೆ ಉಪವಾಸ ಮುಗಿಯಿತು. ಮುಂದಿನ ವರ್ಷ ಹೀಗಾಗುವುದಿಲ್ಲ. ಈ ಬಾರಿಯ ಅಧಿಕ ಜ್ಯೇಷ್ಠ ನಡುವೆ ಬಂದು ಎರಡನ್ನೂ ಒಂದು ತಿಂಗಳು ದೂರ ಮಾಡುತ್ತದೆ. 2027ರ ಯುಗಾದಿ ಏಪ್ರಿಲ್ 7ಕ್ಕೆ, ಈದ್ ಮಾರ್ಚ್ 10ರ ಆಸುಪಾಸು.

ಚಂದ್ರ ಹೀಗೆ ಹಬ್ಬಗಳನ್ನು ಹತ್ತಿರ ತಂದಾಗ ಸಂತೋಷವೂ ಆಗಬಹುದು, ಆತಂಕವೂ ಆಗಬಹುದು. ಗಣಪತಿ ವಿಸರ್ಜನೆ ಭಾದ್ರಪದ ಶುದ್ಧ ಚತುರ್ದಶಿಗೆ. ಮಿಲಾದ್ ಉನ್ ನಬಿ ರಬೀ ಉಲ್ ಅವ್ವಲ್ ತಿಂಗಳ 12ಕ್ಕೆ. ಅವರು ಎಣಿಸುವುದು ಚಂದ್ರ ಕಂಡ ಮೇಲೆ, ಆದ್ದರಿಂದ ಅವರ 12 ನಮ್ಮ ಚತುರ್ದಶಿಯ ಹತ್ತಿರಕ್ಕೇ ಬರುತ್ತದೆ. ಎರಡು ತಿಂಗಳು ಜೊತೆ ಬಿದ್ದರೆ ಎರಡು ಮೆರವಣಿಗೆಯೂ ಜೊತೆ ಬೀಳಲೇಬೇಕು. 2023ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಆದದ್ದು ಅದೇ. ದಿಗಂಬರ ಜೈನರ ದಶಲಕ್ಷಣ ಪರ್ವದ ಕೊನೆಯ ದಿನವೂ ಅಂದೇ. ಬಾಲಾಪುರದಿಂದ ಚಾರ್‌ಮಿನಾರ್, ಅಫ್ಜಲ್‌ಗಂಜ್, ಮೊಅಜ್ಜಂ ಜಾಹಿ ಮಾರುಕಟ್ಟೆ ದಾಟಿ ಹುಸೇನ್ ಸಾಗರಕ್ಕೆ ಹೋಗುವ ಗಣಪತಿ ಮೆರವಣಿಗೆಯ ಹಾದಿ ನಿಮಗೆಲ್ಲ ಗೊತ್ತು. ಬೇಗಂ ಬಜಾರು ಅದರ ಮಗ್ಗುಲಲ್ಲೇ ಇದೆ. ಕರ್ಫ್ಯೂ ದಿನಗಳನ್ನು ನೋಡಿದ ಹಿರಿಯರು ಇಲ್ಲೇ ಕೂತಿದ್ದೀರಿ. ಅಂಥ ದಿನ ಮನೆ ಹೆಂಗಸರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಾನು ಹೇಳಬೇಕಿಲ್ಲ.

ಆದರೆ ಆ ವರ್ಷ ಮಿಲಾದ್ ಸಮಿತಿಯವರು ತಮ್ಮ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. 2024ರಲ್ಲಿ ವಿಸರ್ಜನೆ ಸೆಪ್ಟೆಂಬರ್ 17ಕ್ಕೆ ಬಂತು, ಅವರು ಮೆರವಣಿಗೆಯನ್ನು 19ಕ್ಕೆ ಇಟ್ಟುಕೊಂಡರು. ಪ್ರಾರ್ಥನೆ ಅದರ ದಿನವೇ ಆಯಿತು, ರಸ್ತೆಯ ಮೆರವಣಿಗೆ ಮಾತ್ರ ಸರಿಯಿತು. ಹಬ್ಬ ಸಣ್ಣದಾಗಲಿಲ್ಲ, ಊರು ದೊಡ್ಡದಾಯಿತು. ಈ ವರ್ಷ ಅಧಿಕ ಮಾಸದಿಂದಾಗಿ ಮಿಲಾದ್ ಆಗಸ್ಟ್ ಕೊನೆಗೆ, ವಿಸರ್ಜನೆ ಸೆಪ್ಟೆಂಬರ್ 25ಕ್ಕೆ. ಮತ್ತೆ ಇವೆರಡೂ ಒಟ್ಟಿಗೆ ಬರುವುದು 2050ರ ದಶಕದ ಮಧ್ಯದಲ್ಲಿ, ನಮ್ಮ ಮಕ್ಕಳು ನಮ್ಮ ವಯಸ್ಸು ದಾಟಿದಾಗ. ಅಷ್ಟರೊಳಗೆ ಈ ಸೌಜನ್ಯ ಅವರಿಗೆ ರೂಢಿಯಾಗಿರಬೇಕು. ಅದನ್ನು ಕಲಿಸುವವರು ನಾವೇ.

ನನ್ನ ಕೆಲಸದ ಜಾಗದ ಒಂದು ಉದಾಹರಣೆ. ನಮ್ಮದು ಹಗಲು ರಾತ್ರಿ ಸಪೋರ್ಟ್ ಕೊಡುವ ತಂಡ. ರಜೆ ಯಾವತ್ತು ಬೇಕೆಂದು ಮೊದಲೇ ಬರೆದುಕೊಡಬೇಕು. ತಂಡದ ಮುಸ್ಲಿಂ ಗೆಳತಿಯೊಬ್ಬಳು "ಈದ್ 20 ಅಥವಾ 21" ಎಂದು ಬರೆದಾಗ "ಒಂದು ತಾರೀಖು ಹೇಳಿ" ಎಂದು ವಾಪಸ್ ಬಂತು. ಚಂದ್ರ ಕಾಣುವುದು ಅವಳ ಕೈಯಲ್ಲಿದೆಯೇ? ನಾವು ನಾಲ್ಕು ಜನ ಕೂತು ಎರಡೂ ದಿನಕ್ಕೆ ಬದಲಿ ಹೆಸರು ಹಾಕಿದೆವು. ಎರಡರಲ್ಲಿ ಒಂದು ದಿನ ಅವಳ ಪಾಳಿಯಲ್ಲಿ ನಾನು ಕೂರುತ್ತೇನೆ, ನವೆಂಬರ್ 8ಕ್ಕೆ ನನ್ನ ಪಾಳಿಯಲ್ಲಿ ಅವಳು. ಗುಡ್ ಫ್ರೈಡೇಗೆ ಇನ್ನೊಬ್ಬಳ ಪಾಳಿ ನಮ್ಮಿಬ್ಬರದು. ಇದಕ್ಕೆ ದೊಡ್ಡ ಆದರ್ಶ ಬೇಕಾಗಲಿಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿದ್ದರೆ ಸಾಕಾಯಿತು.

ಕನ್ನಡ ಎಂದರೆ ಒಂದು ಮತದ ಭಾಷೆಯಲ್ಲ. ನಮ್ಮ ವೇದಿಕೆಯಲ್ಲೇ ಲಿಂಗಾಯತರು, ಬ್ರಾಹ್ಮಣರು, ಮುಸ್ಲಿಮರು, ಮಂಗಳೂರಿನ ಕ್ರೈಸ್ತರು, ಬೆಳಗಾವಿಯ ಜೈನರು ಇದ್ದೀರಿ. ಸಂಜೆ ಐದಕ್ಕೆ ಚಹಾ-ಉಪಾಹಾರ ಎಂದು ನಾವು ಕರೆಯೋಲೆ ಕಳಿಸಿದರೆ ರಂಜಾನ್ ತಿಂಗಳಲ್ಲಿ ಆ ಸಹೋದರಿಯರು ಬಂದು ಏನು ಮಾಡಬೇಕು? ಅವರು ದೂರುವುದಿಲ್ಲ, ಸುಮ್ಮನೆ ಬರುವುದಿಲ್ಲ. ಬರದವರನ್ನು ನಾವು "ಆಸಕ್ತಿ ಇಲ್ಲ" ಎಂದುಕೊಳ್ಳುತ್ತೇವೆ. ಹೀಗೆ ಜಗಳವಿಲ್ಲದೆ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲದೆ, ಒಂದೊಂದೇ ಕುರ್ಚಿ ಖಾಲಿಯಾಗುತ್ತದೆ. ನನಗೆ ಚಿಂತೆಯಾಗುವುದು ಇದು.

ಅದಕ್ಕೆ ನನ್ನ ಕೋರಿಕೆ ನಾಲ್ಕೇ. ಒಂದು, ವರ್ಷದ ಕಾರ್ಯಕ್ರಮ ಗೊತ್ತುಮಾಡುವ ಮೊದಲು ಪಂಚಾಂಗ, ಹಿಜರಿ, ಚರ್ಚಿನ ಕ್ಯಾಲೆಂಡರ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಆ ಪಟ್ಟಿ ಮಾಡಿಕೊಡುವ ಜವಾಬ್ದಾರಿ ನನಗಿರಲಿ. ಎರಡು, ಈದ್ ಇರುವ ವಾರದಲ್ಲಿ ಎರಡೂ ದಿನ ಖಾಲಿ ಬಿಡೋಣ. ಮೂರು, ರಂಜಾನಿನಲ್ಲಿ ಸಭೆ ಬೆಳಿಗ್ಗೆ ಇರಲಿ. ಭಾದ್ರಪದದ ಪರ್ವದಲ್ಲಿ ಸೂರ್ಯ ಮುಳುಗುವ ಮೊದಲೇ, ಗಡ್ಡೆ-ಗೆಣಸಿಲ್ಲದ ಊಟ ಒಂದು ಬದಿಯಲ್ಲಿರಲಿ. ಗುಡ್ ಫ್ರೈಡೇ ದಿನ ಹಾಡು-ಕುಣಿತ ಬೇಡ, ಅದು ಅವರಿಗೆ ದುಃಖದ ದಿನ. ದಯವಿಟ್ಟು "ಹ್ಯಾಪಿ" ಎಂದು ಸಂದೇಶವನ್ನೂ ಕಳಿಸಬೇಡಿ. ನಾಲ್ಕು, ಪ್ರತಿ ಹಬ್ಬದ ಮುಂಚೆ ಆ ಮನೆಯ ಸದಸ್ಯೆಯೇ ನಮ್ಮ ಗುಂಪಿನಲ್ಲಿ ಐದು ಸಾಲು ಕನ್ನಡದಲ್ಲಿ ಬರೆಯಲಿ: ಈ ಹಬ್ಬ ಯಾಕೆ, ಮನೆಯಲ್ಲಿ ಏನು ಮಾಡುತ್ತೇವೆ, ಬಂದವರು ಏನು ತರಬೇಕು, ಏನು ತರಬಾರದು.

ಇನ್ನು ಹನ್ನೊಂದು-ಹನ್ನೆರಡು ದಿನದಲ್ಲಿ ಯುಗಾದಿ, ಅದರ ಬೆನ್ನಿಗೆ ಈದ್, ರಾಮನವಮಿ, ಮಾರ್ಚ್ 31ಕ್ಕೆ ಮಹಾವೀರ ಜಯಂತಿ, ಏಪ್ರಿಲ್ 3ಕ್ಕೆ ಗುಡ್ ಫ್ರೈಡೇ. ಬೇವು-ಬೆಲ್ಲ ಹಂಚುವಾಗ ಪಕ್ಕದ ಮನೆಯ ಶೀರ್ ಖುರ್ಮಾಕ್ಕೆ ಒಂದು ಬಟ್ಟಲು ಖಾಲಿ ಇಟ್ಟುಕೊಳ್ಳಿ. ಎಲ್ಲರಿಗೂ ಅವರವರ ಹಬ್ಬದ ಶುಭಾಶಯಗಳು. ನಿಮ್ಮ ತಾರೀಖುಗಳನ್ನು ನನಗೆ ಕಳಿಸಿ, ಪಟ್ಟಿ ಇದೇ ತಿಂಗಳ ಕೊನೆಯೊಳಗೆ ನಿಮ್ಮ ಕೈ ಸೇರುತ್ತದೆ.