ಉಪ್ಪಿನ ಋಣ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ವಾಣಿಜ್ಯದಲ್ಲಿ ಪದವಿ ಪಡೆದು ಹಗಲೆಲ್ಲ ಬ್ಯಾಂಕಿನ ಖಾತೆಗಳನ್ನು ನೋಡಿಕೊಂಡಿರುವ ಗುಮಾಸ್ತನೊಬ್ಬನು ರಸಾಯನಶಾಸ್ತ್ರ, ವೈದ್ಯಶಾಸ್ತ್ರಗಳೆರಡನ್ನೂ ಕುರಿತು ಮಾತನಾಡಲು ನಿಂತರೆ ತಮಗೆ ನಗು ಬಂದೀತು. ಬರಲಿ. ಕಾರ್ಯದರ್ಶಿಗಳು ವಿಷಯವೇನೆಂದು ಕೇಳಿದಾಗ ನಾನು ‘ಉಪ್ಪು’ ಎಂದಷ್ಟೇ ಹೇಳಿದ್ದೆ. ಅವರು 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವೆಂದು ಭಾವಿಸಿ ಸಂತೋಷಪಟ್ಟರು. ನಾನು ಹೇಳಹೊರಟಿರುವುದು ಊಟದ ಉಪ್ಪಿನ ಮಾತಲ್ಲ. ನಾಲಗೆಗೆ ಕಹಿಯಾದ ಇನ್ನೊಂದು ಉಪ್ಪಿನದು. ಅದರ ಹೆಸರು ಮೆಗ್ನೀಷಿಯಂ ಸಲ್ಫೇಟ್.

ಈ ಉಪ್ಪನ್ನು ಮೊದಲು ನಮ್ಮ ಮನೆಗೆ ತಂದವನು ನನ್ನ ಅಕ್ಕನ ಮಗ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಪೊಟ್ಟಣ ಕೊಂಡು, ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವವರೆಗೂ ಕರಗಿಸಿ, ಬಟ್ಟಲಿಗೆ ಬಗ್ಗಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಬೆಳಗಾಗುವಷ್ಟರಲ್ಲಿ ಬಟ್ಟಲ ತುಂಬ ಸೂಜಿಯಂತಹ ಹರಳುಗಳು! ಅದೇ ಹರಳನ್ನು ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ನಳಿಕೆಯ ಬಾಯಲ್ಲಿ ನೀರಿನ ಹನಿಗಳು ಕಟ್ಟುತ್ತವೆ. ನೋಡಲು ಒಣಗಿದಂತಿದ್ದರೂ ಹರಳಿನ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ನೀರೇ. ಒಂದು ಅಣು ಉಪ್ಪಿಗೆ ಏಳು ಅಣು ನೀರು. ನೀರು ಕಳೆದುಕೊಂಡ ಪುಡಿ ಮತ್ತೆ ನೀರಿಗಾಗಿ ಹಾತೊರೆಯುತ್ತದೆ. ಪ್ರಯೋಗಶಾಲೆಗಳಲ್ಲಿ ಇತರ ದ್ರಾವಣಗಳ ತೇವ ಹೀರುವುದಕ್ಕೆ ಇದನ್ನು ಬಳಸುವುದು ಆ ಕಾರಣಕ್ಕೇ.

ಇಂಗ್ಲೆಂಡಿನ ಎಪ್ಸಂ ಊರಿನ ಚಿಲುಮೆಯ ನೀರಿನಲ್ಲಿ ಈ ಉಪ್ಪು ದೊರೆತುದರಿಂದ ಎಪ್ಸಂ ಉಪ್ಪೆಂದು ಹೆಸರಾಯಿತು; ನೆಹೆಮಯ ಗ್ರೂ ಎಂಬ ವೈದ್ಯನು 1695ರಲ್ಲಿ ಇದನ್ನು ಕುರಿತು ಗ್ರಂಥವನ್ನೇ ಬರೆದ. ಮೆಗ್ನಸೈಟ್ ಎಂಬ ಬಿಳಿಯ ಕಲ್ಲಿಗೆ ಗಂಧಕಾಮ್ಲ ಸೇರಿಸಿದರೂ ಇದು ಸಿದ್ಧವಾಗುತ್ತದೆ. ಆ ಕಲ್ಲು ನಮ್ಮ ಮೈಸೂರಿನ ಬಳಿಯ ದೊಡ್ಡಕಾನ್ಯದ ನೆಲದಲ್ಲೂ ಉಂಟು. ನಮ್ಮ ಅಜ್ಜಂದಿರು ಇದನ್ನು ಬಲ್ಲದ್ದು ಹೊಟ್ಟೆ ಕಟ್ಟಿದಾಗ ಕುಡಿಯುವ ಭೇದಿ ಉಪ್ಪೆಂದು. ಕಾಫಿ, ಅಡಿಕೆ ತೋಟದವರು ಗಿಡದ ಎಲೆ ಹಳದಿಯಾದಾಗ ಇದನ್ನೇ ಹಾಕುತ್ತಾರೆ. ನಾನೂ ಇಷ್ಟಕ್ಕೇ ತಿಳಿದು ಸುಮ್ಮನಿರುತ್ತಿದ್ದೆ.

ಮೂರು ವರ್ಷದ ಹಿಂದೆ, ಸೆಪ್ಟೆಂಬರ್ ತಿಂಗಳ ಕೊನೆ. ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕದ ಗಡಿಬಿಡಿ. ನನ್ನ ಹೆಂಡತಿಗೆ ಏಳು ತುಂಬಿ ಎಂಟರಲ್ಲಿತ್ತು. ಚೊಚ್ಚಲು, ತವರು ಬಾಗಲಕೋಟೆಯ ಕಡೆ. ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗಾವಿಯವರೆಗೆ ಟಿಕೆಟ್ಟೂ ಆಗಿತ್ತು. ಅವಳ ಕಾಲು ಊದಿತ್ತು, ಮುಖ ಊದಿತ್ತು, ಬೆರಳಿನ ಉಂಗುರ ಹೊರಬರುತ್ತಿರಲಿಲ್ಲ. ನೆರೆಯವರು ಬಸುರಿಯರಿಗೆ ಇದೆಲ್ಲ ಸಹಜವೆಂದರು. ಊರಿನಿಂದ ನಮ್ಮ ತಾಯಿ ಬಾರ್ಲಿ ಗಂಜಿ ಕೊಡೆಂದರು. ತಲೆನೋವೆಂದಳು, ದೆಹಲಿಯ ಹವೆ ಎಂದೆ. ಎರಡನೆಯ ದಿನ ಕಣ್ಣೆದುರು ಮಿಂಚು ಹೊಡೆದಂತಾಗುತ್ತದೆ ಎಂದಾಗ ಮಾತ್ರ ಹೆದರಿ ಆಸ್ಪತ್ರೆಗೆ ಕರೆದೊಯ್ದೆ. ರಕ್ತದೊತ್ತಡ 170/110.

ವೈದ್ಯೆ ಹಳೆಯ ಕಾರ್ಡನ್ನು ಕೇಳಿದರು. ಹಿಂದಿನ ತಿಂಗಳ ಸಾಲಿನಲ್ಲಿ 140/90 ಎಂದು ಸ್ಪಷ್ಟವಾಗಿ ಬರೆದಿತ್ತು. ಪೈಸೆ ಪೈಸೆ ತಾಳೆ ನೋಡುವ ನಾನು ಆ ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದೆನೇ ಹೊರತು ಆ ಎರಡು ಅಂಕೆಗಳನ್ನು ಓದಿರಲಿಲ್ಲ.

ಹಿಂದಿನವರು ಇದನ್ನು ಗರ್ಭನಂಜು ಎನ್ನುತ್ತಿದ್ದರು. ಇಪ್ಪತ್ತು ವಾರಗಳ ಬಳಿಕ ಬಸುರಿಯ ರಕ್ತದೊತ್ತಡ ಏರುತ್ತದೆ, ಬಹುಮಟ್ಟಿಗೆ ಮೂತ್ರದಲ್ಲಿ ಪ್ರೋಟೀನು ಕಾಣುತ್ತದೆ. ಮಿತಿಮೀರಿದರೆ ಅಪಸ್ಮಾರದಂತೆ ಸೆಳವು ಬಂದು ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಹೆರಿಗೆಯಾಗುವುದೇ ಇದಕ್ಕೆ ನಿಜವಾದ ಪರಿಹಾರ. ಆದರೆ ಅಲ್ಲಿಯವರೆಗೆ ಸೆಳವನ್ನು ತಡೆಯಬೇಕಲ್ಲ? ರಾತ್ರಿ ದಾದಿಯೊಬ್ಬಳು ಸೂಜಿಮದ್ದು ಕೊಟ್ಟಳು. ಮೈಯೆಲ್ಲ ಬಿಸಿಯಾಗುತ್ತಿದೆ ಎಂದು ಹೆಂಡತಿ ನರಳಿದಳು. ಏನು ಮದ್ದೆಂದು ಕೇಳಿದೆ. ‘ಮ್ಯಾಗ್‌ಸಲ್ಫ್’ ಎಂದಳು. ಕಿಟಕಿಯ ಕಟ್ಟೆಯ ಮೇಲಿನ ಬಟ್ಟಲು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆ ರಾತ್ರಿ ಆಕೆ ಮತ್ತೆ ಮತ್ತೆ ಬಂದು ಸಣ್ಣ ಸುತ್ತಿಗೆಯಿಂದ ಮೊಣಕಾಲ ಕೆಳಗೆ ತಟ್ಟುತ್ತಿದ್ದಳು, ಉಸಿರನ್ನು ಎಣಿಸುತ್ತಿದ್ದಳು, ಮೂತ್ರವನ್ನು ಅಳೆಯುತ್ತಿದ್ದಳು. ಕಾರಣ ಆಮೇಲೆ ತಿಳಿಯಿತು. ಈ ಉಪ್ಪು ರಕ್ತದಲ್ಲಿ ಹೆಚ್ಚಾದರೆ ಮೊದಲು ಮೊಣಕಾಲಿನ ಚಿಮ್ಮು ನಿಲ್ಲುತ್ತದೆ, ಅನಂತರ ಉಸಿರೇ ನಿಲ್ಲಬಹುದು. ದೇಹದಿಂದ ಇದು ಹೊರಹೋಗುವುದು ಮೂತ್ರದಲ್ಲಿ. ಅದು ಕಡಿಮೆಯಾದರೆ ಉಪ್ಪು ಒಳಗೇ ಸೇರುತ್ತದೆ. ಪ್ರತಿಮದ್ದಾಗಿ ಕ್ಯಾಲ್ಸಿಯಂ ಗ್ಲುಕೋನೇಟನ್ನು ಪಕ್ಕದಲ್ಲೇ ಇಟ್ಟಿರುತ್ತಾರೆ. ಅಂಗಡಿಯ ಪೊಟ್ಟಣವನ್ನು ಮನೆಯಲ್ಲಿ ಕರಗಿಸಿ ಕುಡಿಸಿದರೆ ಭೇದಿಯಾದೀತೇ ವಿನಾ ಸೆಳವು ನಿಲ್ಲದು. ಈ ಮಾತನ್ನು ದಯವಿಟ್ಟು ತಪ್ಪಾಗಿ ತಿಳಿಯಬೇಡಿ.

1920ರ ದಶಕದಿಂದಲೇ ಅಮೆರಿಕದ ವೈದ್ಯರು ಇದನ್ನು ಸೆಳವಿಗೆ ಬಳಸುತ್ತಿದ್ದರೂ ಬಹುಕಾಲ ಜಗತ್ತಿನ ಬೇರೆಡೆ ನಂಬಿಕೆ ಇರಲಿಲ್ಲ. ಭಾರತವೂ ಸೇರಿದ್ದ ಒಂದು ದೊಡ್ಡ ಪರೀಕ್ಷೆಯ ಫಲ 1995ರಲ್ಲಿ ಬಂತು: ಮರಳಿ ಬರುವ ಸೆಳವು ಡಯಾಜೆಪಾಂಗಿಂತ ಇದರಿಂದ ಶೇಕಡ 52ರಷ್ಟು, ಫೆನಿಟಾಯಿನ್‌ಗಿಂತ ಶೇಕಡ 67ರಷ್ಟು ಕಡಿಮೆ. 2002ರಲ್ಲಿ ‘ಮ್ಯಾಗ್‌ಪೈ’ ಎಂಬ ಪರೀಕ್ಷೆಯು 33 ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ಗರ್ಭಿಣಿಯರಲ್ಲಿ ಸೆಳವಿನ ಸಂಭವವನ್ನು ಇದು ಅರ್ಧಕ್ಕಿಂತ ಕೆಳಗಿಳಿಸುವುದೆಂದು ತೋರಿಸಿತು. ಹೇಗೆ ತಡೆಯುತ್ತದೆಂಬುದು ಮಾತ್ರ ವೈದ್ಯಶಾಸ್ತ್ರಕ್ಕೇ ಇನ್ನೂ ಪೂರ್ತಿ ಬಿಡಿಸದ ಒಗಟು. ಬೆಲೆಯೋ, ಕೆಲವೇ ರೂಪಾಯಿ.

ಇನ್ನು ನಮ್ಮ ನಾಡಿನ ಮಾತು. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅದರಲ್ಲಿ ತೊಡಗಿದ್ದರು. ಆಶಾ ಕಾರ್ಯಕರ್ತೆಯರೂ ದಾದಿಯರೂ ಬಸುರಿಯರ ಮನೆಗೇ ಹೋಗಿ ರಕ್ತದೊತ್ತಡ ಅಳೆಯುವುದು, ಅಪಾಯ ಕಂಡರೆ ಒತ್ತಡದ ಮಾತ್ರೆ ಹಾಗೂ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟಿನ ಸೂಜಿಮದ್ದು ಕೊಟ್ಟು ಆಸ್ಪತ್ರೆಗೆ ಕಳುಹುವುದು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲಿಯೂ ಇಂಥದೇ ಪ್ರಯೋಗ. 2020ರಲ್ಲಿ ಮೂರನ್ನೂ ಕೂಡಿಸಿ ನೋಡಿದಾಗ, ಒಟ್ಟಿನಲ್ಲಿ ಅನಾಹುತ ಕಡಿಮೆಯಾಗಿರಲಿಲ್ಲ. ನನಗೆ ಇದು ನಿರಾಶೆಯ ಸುದ್ದಿಯಾಗಿ ತೋರಿತು. ಆದರೆ ಎಂಟು ಸಲಕ್ಕಿಂತ ಕಡಿಮೆಯಿಲ್ಲದೆ ಯಾರ ಮನೆಗೆ ಹೋಗಿದ್ದರೋ, ಆ ತಾಯಂದಿರಲ್ಲಿ ತೊಂದರೆ ಕಡಿಮೆಯಿತ್ತು. ಮದ್ದು ಇದ್ದರೆ ಸಾಲದು. ಒಬ್ಬರು ಮತ್ತೆ ಮತ್ತೆ ಬಂದು ಅಳೆಯಬೇಕು.

ನಮ್ಮ ದೆಹಲಿ ಕನ್ನಡಿಗರ ಕಷ್ಟ ಇರುವುದೂ ಇಲ್ಲಿಯೇ. ಏಳನೆಯ ತಿಂಗಳವರೆಗೆ ಇಲ್ಲಿನ ವೈದ್ಯರು, ಆಮೇಲೆ ತವರಿನ ವೈದ್ಯರು. ಒತ್ತಡ ಏರತೊಡಗುವ ಕಾಲದಲ್ಲಿಯೇ ಹುಡುಗಿ ರೈಲಿನಲ್ಲಿರುತ್ತಾಳೆ. ಕರ್ನಾಟಕ ಎಕ್ಸ್‌ಪ್ರೆಸ್ಸಾದರೆ ಎರಡು ರಾತ್ರಿ. ಅಲ್ಲಿಯವರಿಗೆ ಇಲ್ಲಿಯ ಅಂಕೆಗಳು ಗೊತ್ತಿಲ್ಲ. ತವರಿಗೆ ಕಳುಹಬೇಡಿರೆಂದು ನಾನು ಹೇಳುವವನಲ್ಲ, ಹೇಳಿದರೂ ತಾಯಂದಿರು ಕೇಳುವವರಲ್ಲ. ಹೊರಡುವ ಹಿಂದಿನ ದಿನ ಒತ್ತಡ ಅಳೆಸಿ, ಕಾರ್ಡನ್ನು ಕುಪ್ಪಸದ ಕಣ, ಉಡಿಯಕ್ಕಿಗಳ ಚೀಲದಲ್ಲಿ ಹಾಕದೆ ಅವಳ ಕೈಯಲ್ಲೇ ಕೊಡಿ. ಊದಿದ ಮುಖ, ಬಿಡದ ತಲೆನೋವು, ಕಣ್ಣಿಗೆ ಮಿಂಚು, ಪಕ್ಕೆಲುಬಿನ ಕೆಳಗೆ ನೋವು, ಇವು ಕಂಡರೆ ಟಿಕೆಟ್ಟಿನ ಹಣ ಹೋದರೆ ಹೋಗಲಿ. ನನ್ನ ಟಿಕೆಟ್ಟಿನ ಹಣ ಹೋಯಿತು.

ಮಗು ಮೂರನೆಯ ದಿನ ಹುಟ್ಟಿತು, ಒಂದೂಮುಕ್ಕಾಲು ಕಿಲೋ. ಇಂದು ಹಿಂದಿನ ಸಾಲಿನಲ್ಲಿ ಕುಳಿತು ಗಲಾಟೆ ಮಾಡುತ್ತಿರುವ ಹುಡುಗಿ ಅವಳೇ. ಅಕ್ಕನ ಮಗ ಕಾಲೇಜಿಗೆ ಹೋದ; ಹರಳು ಕಟ್ಟಿದ ಬಟ್ಟಲನ್ನು ತೊಳೆಯಲು ನನ್ನ ಹೆಂಡತಿ ಈವರೆಗೂ ಬಿಟ್ಟಿಲ್ಲ.