ನೋಡುವ ಮುಂಚೆ ಕೇಳಿ



ಚೋನ್ ಭಾಷೆಗಳ ಈ ಪ್ರದರ್ಶನವನ್ನು ಉದ್ಘಾಟಿಸಲು ಕರೆದಾಗ ಕೊಂಚ ಅಳುಕಾಯಿತು. ಆ ಭಾಷೆಗಳನ್ನಾಡಿದ ಜನಕ್ಕೂ ಪ್ರದರ್ಶನಗಳಿಗೂ ಇರುವ ಹಳೆಯ ನಂಟು ಒಳ್ಳೆಯದಲ್ಲ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ನೋಡಲು ಜಗತ್ತೇ ನೆರೆದಿತ್ತು. ಅದೇ ವರ್ಷ ಅದೇ ಊರಿನಲ್ಲಿ, ಟಿಯೆರಾ ಡೆಲ್ ಫ್ಯೂಗೋ ದ್ವೀಪದಿಂದ ಹಿಡಿದು ತಂದ ಸೆಲ್ಕ್‌ನಾಮ್ ಜನರನ್ನು ನರಭಕ್ಷಕರೆಂದು ಸುಳ್ಳು ಹೇಳಿ ಪ್ರದರ್ಶನಕ್ಕಿಟ್ಟರು.

ಚೋನ್ ತೀರಾ ಚಿಕ್ಕ ಭಾಷಾ ಕುಟುಂಬ. ದಕ್ಷಿಣ ಅಮೆರಿಕದ ತುತ್ತತುದಿಯ ಆ ದ್ವೀಪದಲ್ಲಿ ಸೆಲ್ಕ್‌ನಾಮ್, ಹೌಷ್. ಜಲಸಂಧಿಯಾಚೆ ಪಟಗೋನಿಯದ ಬಯಲಲ್ಲಿ ತೆವೆಲ್ಚೆ, ತೆವುಶೆನ್. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಗೊತ್ತಿಲ್ಲದೆಯೇ ಇದರ ಪರಿಚಯ ಆಗಿರುತ್ತದೆ. 1520ರಲ್ಲಿ ಮೆಗೆಲನ್ನನ ಹಡಗಿನಲ್ಲಿದ್ದ ಪಿಗಾಫೆಟ್ಟಾ, ಸೆರೆಯಾದ ಪಟಗೋನಿಯದವನೊಬ್ಬನಿಂದ ಕೆಲವು ಪದ ಕೇಳಿ ಬರೆದುಕೊಂಡ. ಅವನು ದಾಖಲಿಸಿದ ‘ಸೆಟೆಬೋಸ್’ ಎಂಬ ದೈವವೇ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ನಲ್ಲಿ ಕ್ಯಾಲಿಬನ್ನನ ತಾಯಿಯ ದೇವರು.

1880ರ ದಶಕದಲ್ಲಿ ದ್ವೀಪಕ್ಕೆ ಚಿನ್ನ ಹುಡುಕುವವರು ಬಂದರು, ಬೆನ್ನಲ್ಲೇ ಕುರಿ ಕಂಪನಿಗಳು. ಗ್ವಾನಾಕೋ ಎಂಬ ಕಾಡುಪ್ರಾಣಿಯನ್ನು ಬೇಟೆಯಾಡಿ ಬದುಕುತ್ತಿದ್ದವರ ನೆಲಕ್ಕೆ ಬೇಲಿ ಬಿತ್ತು. ಹಸಿದವರು ಕುರಿ ಹೊಡೆದರು. ಕಂಪನಿಗಳ ಆಳುಗಳು ಮನುಷ್ಯರನ್ನೇ ಹೊಡೆದರು. ಸತ್ತವರ ಲೆಕ್ಕಕ್ಕೆ ಇನಾಮು ಸಿಗುತ್ತಿತ್ತು. ಉಳಿದ ಎಷ್ಟೋ ಜನರನ್ನು ಡಾಸನ್ ದ್ವೀಪದ ಮಿಷನ್ನಿಗೆ ಸಾಗಿಸಿದರು, ಅಲ್ಲಿ ರೋಗಗಳು ಬಲಿ ತೆಗೆದುಕೊಂಡವು. ಸುಮಾರು 4,000 ಜನರಿದ್ದ ಸೆಲ್ಕ್‌ನಾಮ್ ಸಮುದಾಯ ಐವತ್ತೇ ವರ್ಷದಲ್ಲಿ ನೂರರ ಆಸುಪಾಸಿಗೆ ಇಳಿಯಿತು. ಹೀಗಿರುವಾಗ, ಕಾಲಕ್ಕೆ ತಕ್ಕಂತೆ ಭಾಷೆಗಳು ಮರೆಯಾಗುತ್ತವೆ ಎಂಬ ಸಮಾಧಾನದ ಮಾತು ನನಗೆ ರುಚಿಸುವುದಿಲ್ಲ.

ಎದುರು ಗೋಡೆಯಲ್ಲಿ ಮಾನವಶಾಸ್ತ್ರಜ್ಞ ಮಾರ್ಟಿನ್ ಗುಸಿಂಡೆ ತೆಗೆದ ಚಿತ್ರಗಳಿವೆ. 1923ರ ‘ಹಾಯ್ನ್’ ಎಂಬ ಸೆಲ್ಕ್‌ನಾಮ್ ದೀಕ್ಷಾ ಆಚರಣೆಯ, ಮೈತುಂಬ ಪಟ್ಟೆ ಬಳಿದ ಆ ದೇಹಗಳನ್ನು ನೀವು ಮೊಬೈಲಿನಲ್ಲೂ ಕಂಡಿರಬಹುದು. ಚೆಂದವಾಗಿವೆ, ಆದರೆ ಅವಕ್ಕೆ ಅವಸರವಿಲ್ಲ. ಮೊದಲು ಎಡಗಡೆಯ ಮೂಲೆಗೆ ಹೋಗಿ. ಸೆಲ್ಕ್‌ನಾಮರ ಕೊನೆಯ ಶಾಮನ್ ಎನಿಸಿದ ಲೋಲಾ ಕಿಯೆಪ್ಜಾ ಅಲ್ಲಿ ಹಾಡುತ್ತಾರೆ. ಮಾನವಶಾಸ್ತ್ರಜ್ಞೆ ಆನ್ ಚಾಪ್ಮನ್ ಅದನ್ನು ಟೇಪಿನಲ್ಲಿ ಹಿಡಿದಿಟ್ಟ ಕೆಲವೇ ತಿಂಗಳಲ್ಲಿ, 1966ರಲ್ಲಿ, ಆ ಅಜ್ಜಿ ತೀರಿಕೊಂಡರು. ಹಾಡುಗಳನ್ನು ಅರ್ಥಮಾಡಿಕೊಳ್ಳಲು ಚಾಪ್ಮನ್ನರಿಗೆ ನೆರವಾದ ಆಂಹೆಲಾ ಲೋಯ್ 1974ರಲ್ಲಿ ಹೋದರು. ತೆವೆಲ್ಚೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರು ಡೋರಾ ಮಂಚಾದೋ. ಅವರು ತೀರಿಕೊಂಡದ್ದು ಮೊನ್ನೆ ಮೊನ್ನೆ, 2019ರಲ್ಲಿ.

ಸೆಲ್ಕ್‌ನಾಮರು ಪೂರ್ತಿ ನಾಶವಾದರೆಂದು ಎಷ್ಟೋ ಪುಸ್ತಕಗಳು ಷರಾ ಬರೆದಿದ್ದವು. ಅವರ ವಂಶದವರು ಒಪ್ಪಲಿಲ್ಲ. ವರ್ಷಗಟ್ಟಲೆ ಹಟ ಹಿಡಿದರು. 2023ರಲ್ಲಿ ಚಿಲಿ ದೇಶ ಅವರನ್ನು ಮೂಲನಿವಾಸಿ ಜನಾಂಗವೆಂದು ಕಾನೂನಿನಲ್ಲೇ ಮಾನ್ಯ ಮಾಡಬೇಕಾಯಿತು.

ಹೆಡ್‌ಫೋನುಗಳು ಸಾಲವು ಎಂದು ಸಂಘಟಕರು ಹೇಳುತ್ತಿದ್ದಾರೆ. ದಯವಿಟ್ಟು ವಿದ್ಯಾರ್ಥಿಗಳಿಗೆ ಮೊದಲು ಬಿಡಿ.